ಕಣಕ್ಕೆ ಯಾರಾದರೂ ನೀರು ಬಿಡುತ್ತಾರಾ?

ಆಯುಧಪೂಜೆ ಹತ್ತಿರ ಬಂತೆಂದರೆ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ನೀರಿನ ಟ್ಯಾಂಕರಿಗೆ ಎಲ್ಲಿಲ್ಲದ ಬೇಡಿಕೆ. ವರ್ಷವಿಡೀ ಎಣ್ಣೆ, ಗ್ರೀಸು, ಧೂಳು ಮೆತ್ತಿಕೊಂಡ ಶೆಡ್ಡುಗಳಿಗೆಲ್ಲ ಆಗ ಎಣ್ಣೆಸ್ನಾನ. ಮಿಷಿನ್ನುಗಳನ್ನು ಒರೆಸಬೇಕು, ನೆಲಕ್ಕೆ ಪೈಪಿನಲ್ಲಿ ನೀರು ಹೊಡೆಯಬೇಕು, ಬಾಗಿಲಿಗೆ ಬಾಳೆಕಂದು ಕಟ್ಟಬೇಕು, ಬೂದುಗುಂಬಳ ಒಡೆಯಬೇಕು. ಆಗಲೇ ಮಾಲೀಕರಿಗೂ ಸಮಾಧಾನ, ಕೆಲಸದವರಿಗೂ ಸಮಾಧಾನ. ತೊಳೆದ ನೀರು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಮೋರಿಗೆ ಹೋಯಿತು. ಮೋರಿ ಇರುವುದೇ ಅದಕ್ಕಲ್ಲವೇ?

ಬೈರಪ್ಪನವರ ಶೆಡ್ಡಿನಲ್ಲೂ ಇದೇ ಪದ್ಧತಿ. ಅಲ್ಲಿ ಮೂರು ಮೋಲ್ಡಿಂಗ್ ಮಿಷಿನ್ನುಗಳಿವೆ. ಬಕೆಟ್ಟಿನ ಮುಚ್ಚಳ, ಸ್ನಾನದ ಮಗ್ಗು, ಬಟ್ಟೆ ಒಣಹಾಕುವ ಕ್ಲಿಪ್ಪು ಅಲ್ಲಿ ತಯಾರಾಗುತ್ತವೆ. ಇವಕ್ಕೆಲ್ಲ ಬೇಕಾದ ಕಚ್ಚಾ ಸಾಮಾನು ಚೀಲಗಳಲ್ಲಿ ಬರುತ್ತದೆ. ಅದು ಪ್ಲಾಸ್ಟಿಕ್ ಕಾಳು. ನೋಡಲು ಥೇಟ್ ಸಬ್ಬಕ್ಕಿ. ಚೀಲದ ಬಾಯಿ ಕೊಯ್ಯುವಾಗ ಒಂದಿಷ್ಟು ಚೆಲ್ಲುತ್ತದೆ, ಮಿಷಿನ್ನಿಗೆ ಸುರಿಯುವಾಗ ಇನ್ನೊಂದಿಷ್ಟು. ಚೆಲ್ಲಿದ್ದು ಮಿಷಿನ್ನಿನ ಅಡಿ, ಗೋಡೆಯ ಮೂಲೆ, ಕಲ್ಲಿನ ಸಂದು ಸೇರಿ ಅಲ್ಲೇ ಕೂರುತ್ತದೆ. ಹಬ್ಬದ ಹಿಂದಿನ ದಿನ ನೀರು ಬಿಟ್ಟರೆ ತಾನಾಗಿ ಹೊರಗೆ ಹೋಗುತ್ತದೆ. ಗುಡಿಸುವ ಕೆಲಸ ಉಳಿಯಿತೆಂದು ಎಲ್ಲರಿಗೂ ಖುಷಿ.

ಈ ಸಲ ಬೈರಪ್ಪನವರ ಹೆಂಡತಿ ವಸಂತಮ್ಮನಿಗೆ ಹಬ್ಬಕ್ಕಿಂತ ದೊಡ್ಡ ಚಿಂತೆಯೊಂದಿತ್ತು. ಹಬ್ಬದ ಬೆಳಿಗ್ಗೆಯೇ ಬೀಗರು ಬರುವವರಿದ್ದರು.

ಮಗ ನಂದೀಶ ಮಹದೇವಪುರದ ಕಂಪನಿಯೊಂದರಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ವೇಣಿಯನ್ನು ಮೆಚ್ಚಿ, ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿದ್ದ. ವೇಣಿಯ ತವರು ತಮಿಳುನಾಡಿನ ಕಡಲೂರಿನ ಹತ್ತಿರದ ಒಂದು ಮೀನುಗಾರರ ಹಳ್ಳಿ. ಅವಳ ಅಪ್ಪ ಕಲಿಯಪೆರುಮಾಳ್ ಮದುವೆಗೆ ಬರಲಿಲ್ಲ. ಆಮೇಲೆ ಮಗಳು ಫೋನ್ ಮಾಡಿದರೂ ಎತ್ತಲಿಲ್ಲ. ವರ್ಷವೇ ಕಳೆಯಿತು. ಮೊನ್ನೆ ಇದ್ದಕ್ಕಿದ್ದಂತೆ ಅವರೇ ಫೋನ್ ಮಾಡಿ, "ಹಬ್ಬಕ್ಕೆ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟಿದ್ದರು.

ಅಂದಿನಿಂದ ವಸಂತಮ್ಮ ಸೊಸೆಯ ಮುಖವನ್ನೇ ನೋಡುತ್ತಿದ್ದರು. ವೇಣಿ ನಗುನಗುತ್ತ ಓಡಾಡುತ್ತಿದ್ದಳು, ಆದರೆ ತಟ್ಟೆಯಲ್ಲಿ ಬಡಿಸಿದ ಅನ್ನ ಹಾಗೇ ಉಳಿಯುತ್ತಿತ್ತು. ಈ ಭೇಟಿ ಸರಿಹೋಗದಿದ್ದರೆ ಈ ಹುಡುಗಿಗೆ ತವರೆಂಬುದು ಮತ್ತೆ ಇರುವುದಿಲ್ಲ ಎಂದು ವಸಂತಮ್ಮನಿಗೆ ಗೊತ್ತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಕೆಲಸದವರಿಗೆ ಕಾಫಿ ತೆಗೆದುಕೊಂಡು ಶೆಡ್ಡಿಗೆ ಬಂದರು. ಮಿಷಿನ್ ನಡೆಸುವ ಮರೆಪ್ಪ ಚಿಂದಿ ಬಟ್ಟೆಯಲ್ಲಿ ಗ್ರೀಸು ಒರೆಸುತ್ತಿದ್ದ. ಅವನ ಹೆಂಡತಿ ಮಲಕವ್ವ ಬಾಗಿಲಿಗೆ ತೋರಣ ಕಟ್ಟುತ್ತಿದ್ದಳು. ಇಬ್ಬರೂ ಯಾದಗಿರಿ ಕಡೆಯವರು.

"ಬರ್ರಿ ಸಣ್ಣಕ್ಕಾರ. ಇಷ್ಟ್ ದಿನ ಈ ಕಡಿ ಹಾದೇ ಇಲ್ಲಲ್ರಿ. ಅಪ್ಪಾರು ಬರ್ತಾರಂತ ಶೆಡ್ ಚೆಕ್ ಮಾಡಾಕ್ ಬಂದ್ರೇನು?" ಎಂದು ಮಲಕವ್ವ ಕೀಟಲೆ ಮಾಡಿದಳು.

ವೇಣಿ ನಕ್ಕು ಲೋಟ ಕೊಟ್ಟಳು. ಖಾಲಿ ಲೋಟ ತೊಳೆಯಲು ಹಿಂಬದಿಯ ಮೋರಿಯ ಬಳಿ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ವಸಂತಮ್ಮ ಹೋಗಿ ನೋಡಿದರೆ, ಅವಳು ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಅಂಗೈಯಲ್ಲಿ ನಾಲ್ಕಾರು ಬಿಳಿ ಕಾಳು.

"ಏನಮ್ಮಾ ಅದು? ಕೊಳಕು ಮುಟ್ಬೇಡ."

"ಅತ್ತೆ, ಇದು ಇಲ್ಲಿಂದು ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಇನ್ನೆಲ್ಲಿದು? ನಮ್ಮ ಮಿಷಿನ್ನಿಂದು."

ವೇಣಿ ನಿಧಾನವಾಗಿ ಹೇಳಿದಳು. "ಚಿಕ್ಕವರಿದ್ದಾಗ ಇದನ್ನ ನಾವು ಸಮುದ್ರದ ದಡದಲ್ಲಿ ಹೆಕ್ತಿದ್ವಿ. ಅಲೆ ಬಂದು ಹೋದ ಮೇಲೆ ಮರಳಲ್ಲಿ ಗೆರೆ ಗೆರೆಯಾಗಿ ಬಿದ್ದಿರ್ತಿತ್ತು. ಮಣಿ ಅಂದ್ಕೊಂಡಿದ್ವಿ. ಪೋಣಿಸೋಣ ಅಂದ್ರೆ ತೂತೇ ಇರಲ್ಲ. ಅಮ್ಮ ಮೀನು ಕೊಯ್ಯೋವಾಗ ಒಂದೊಂದು ಸಲ ಹೊಟ್ಟೆ ಒಳಗೂ ಸಿಗ್ತಿತ್ತು."

"ಮೀನಿನ ಹೊಟ್ಟೇಲಿ ಇದ್ಯಾಕೆ ಇರುತ್ತೆ?"

"ಮೊಟ್ಟೆ ಅಂದ್ಕೊಂಡು ತಿನ್ನುತ್ತೆ ಅತ್ತೆ. ಬೇರೆ ಮೀನಿಂದು ಮೊಟ್ಟೆ ಹಿಂಗೇ ಬೆಳ್ಳಗೆ, ದುಂಡಗೆ ಇರುತ್ತಲ್ಲ. ಇದು ಜೀರ್ಣ ಆಗಲ್ಲ. ಹೊಟ್ಟೆ ತುಂಬಿದಂಗೆ ಇರುತ್ತೆ, ಆದ್ರೆ ಮೈಗೆ ಏನೂ ಹತ್ತಲ್ಲ. ಕಡಲಹಕ್ಕಿಗಳೂ ತಿನ್ನುತ್ವೆ, ಮರಿಗಳಿಗೂ ತಿನ್ನಿಸ್ತಾವೆ."

ವೇಣಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಅವರೂರ ದಡಕ್ಕೆ ಬರುತ್ತವೆ. ಗೂಡು ಕಾಯುವ ತಂಡದಲ್ಲಿ ಅವಳೂ ಇದ್ದಳು. ಒಮ್ಮೆ ಸತ್ತು ದಡಕ್ಕೆ ಬಿದ್ದ ಆಮೆಯೊಂದನ್ನು ಪಶುವೈದ್ಯರು ಕೊಯ್ದು ನೋಡಿದಾಗ ಒಳಗಿದ್ದದ್ದು ಕ್ಯಾರಿಬ್ಯಾಗುಗಳ ಉಂಡೆ. ನೀರಿನಲ್ಲಿ ತೇಲುವ ಕವರು ಆಮೆಯ ಕಣ್ಣಿಗೆ ಅಂಬಲಿಮೀನಿನ, ಎಂದರೆ ಜೆಲ್ಲಿಫಿಶ್ಶಿನ ಹಾಗೆ ಕಾಣುತ್ತದಂತೆ. ಅಂಬಲಿಮೀನು ಆಮೆಯ ಇಷ್ಟದ ಆಹಾರ. ಇದನ್ನೆಲ್ಲ ವೇಣಿ ಹೇಳುತ್ತಿದ್ದರೆ ಮಲಕವ್ವನೂ ತೋರಣ ಬಿಟ್ಟು ಬಂದು ನಿಂತಳು.

"ಅಲ್ರಿ ಅಕ್ಕಾರ, ಇಲ್ಲಿ ಚೆಲ್ಲಿದ್ದು ಅಲ್ಲಿಗ್ಯಾಂಗ್ ಹೋಗ್ತೈತ್ರಿ? ಅದಕ್ಕೇನ್ ಬಸ್ ಐತೇನು?"

"ಇದೆ ಮಲಕವ್ವ. ಈ ಮೋರಿ ಕೆರೆಗೆ ಹೋಗುತ್ತೆ. ಕೆರೆ ತುಂಬಿದ್ರೆ ರಾಜಕಾಲುವೆ. ಅಲ್ಲಿಂದ ವರ್ತೂರು ಕೆರೆ. ಅದು ಕೋಡಿ ಬಿದ್ರೆ ದಕ್ಷಿಣ ಪಿನಾಕಿನಿ. ಹೊಸೂರು, ಕೃಷ್ಣಗಿರಿ ದಾಟಿ ಆ ಹೊಳೆ ಸಮುದ್ರ ಸೇರೋದು ಕಡಲೂರಿನ ಹತ್ರ. ನಾವು ಅದನ್ನ ತೆನ್‌ಪೆಣ್ಣೈ ಅಂತೀವಿ. ಅದರ ಬಾಯಲ್ಲೇ ನಮ್ಮಪ್ಪ ಬಲೆ ಹಾಕೋದು."

ವಸಂತಮ್ಮನಿಗೆ ನಾಳೆಯ ನೆನಪಾಯಿತು. ನಾಳೆ ಬರುವ ಮನುಷ್ಯ ಮೊದಲೇ ಮುನಿಸಿಕೊಂಡವರು. ಮಗಳನ್ನು ಸೇರಿಸಿಕೊಂಡ ಮನೆಯಿಂದಲೇ ತನ್ನ ಸಮುದ್ರಕ್ಕೆ ಈ ಕಾಳು ಹೋಗುತ್ತಿದೆ ಎಂದು ಕಣ್ಣಾರೆ ಕಂಡರೆ ಒಂದು ಲೋಟ ನೀರನ್ನಾದರೂ ಮುಟ್ಟುತ್ತಾರೆಯೇ?

ಅಷ್ಟರಲ್ಲಿ ಗೇಟಿನ ಬಳಿ ಟ್ಯಾಂಕರ್ ಹಾರ್ನ್ ಕೇಳಿಸಿತು. ಹಿಂದೆಯೇ ಬೈರಪ್ಪನವರು ಸ್ಕೂಟರಿನಿಂದ ಇಳಿದರು.

"ಏನ್ ಮೀಟಿಂಗು? ಮರೆಪ್ಪಾ, ಪೈಪ್ ಹಾಕೋ. ಮೋಡ ಬೇರೆ ಕವೀತಾ ಐತೆ."

"ಒಂದ್ ನಿಮಿಷ ತಡೀರಿ. ನೀರು ಬಿಡೋದು ಬೇಡ. ಮೊದಲು ಗುಡಿಸಿ ಎತ್ಬಿಡೋಣ" ಎಂದರು ವಸಂತಮ್ಮ.

"ಗುಡಿಸೋದಾ? ಯಾವತ್ತೂ ಇಲ್ದಿದ್ದು ಇವತ್ತೇನೇ?"

ವಸಂತಮ್ಮ ವಿಷಯ ಹೇಳಿದರು. ಬೈರಪ್ಪನವರು ಕೇಳಿಸಿಕೊಂಡು ಮೀಸೆಯಡಿಯಲ್ಲೇ ನಕ್ಕರು.

"ದೊಡ್ಡನೆಕ್ಕುಂದಿ ಎಲ್ಲೈತೆ, ಸಮುದ್ರ ಎಲ್ಲೈತೆ? ಮಾರತಳ್ಳಿ ದಾಟೋಕೇ ನಮಗೆ ಒಂದ್ ಗಂಟೆ ಬೇಕು. ಈ ಕಾಳು ಕಡಲೂರಿಗೆ ಹೋಗ್ಬಿಡ್ತದಂತೆ."

"ಅದಕ್ಕೆ ಸಿಗ್ನಲ್ ಇಲ್ಲ ಮಾವ" ಎಂದಳು ವೇಣಿ.

ಮಲಕವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೈರಪ್ಪನವರಿಗೂ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ.

"ಆಯ್ತಮ್ಮಾ, ಮಧ್ಯೆ ಡ್ಯಾಮ್ ಐತಲ್ಲ? ಅಲ್ಲಿ ನಿಲ್ಲಲ್ವಾ?"

"ಸ್ವಲ್ಪ ನಿಲ್ಲುತ್ತೆ, ಸ್ವಲ್ಪ ಕೆಸರು ಸೇರುತ್ತೆ. ಆದ್ರೆ ಈ ಕಾಳು ತೇಲುತ್ತೆ ಮಾವ. ಮಳೆ ಜಾಸ್ತಿ ಆಗಿ ಗೇಟ್ ತೆಗೆದ್ರೆ ಮೇಲೆ ತೇಲೋದೇ ಮೊದಲು ಹೋಗೋದು."

"ಅಲ್ಲಿ ಸಿಕ್ಕಿದ್ದು ನಮ್ಮ ಶೆಡ್ಡಿಂದೇ ಅಂತ ಹೆಂಗ್ ಹೇಳ್ತೀಯ? ಅದರ ಮೇಲೆ ನನ್ನ ಹೆಸರು ಬರ್ದೈತಾ?"

"ಇಲ್ಲಿಂದೇ ಬಂತು ಅಂತ ನಾನು ಹೇಳ್ತಿಲ್ಲ. ಇಲ್ಲಿಂದ ಹೋಗಲ್ಲ ಅಂತ ನೀವು ಹೇಳೋಕಾಗುತ್ತಾ?"

ಬೈರಪ್ಪನವರು ಬೇರೆ ದಾರಿ ಹಿಡಿದರು. "ನಿಮ್ಮಪ್ಪನ ಬಲೆ ಏನು ಹತ್ತಿದಾ? ಅದೂ ನೈಲಾನೇ ತಾನೇ?"

ವಸಂತಮ್ಮ ಗಾಬರಿಯಿಂದ ಸೊಸೆಯತ್ತ ನೋಡಿದರು. ವೇಣಿಯ ದನಿ ಏರಲಿಲ್ಲ. "ಹೌದು ಮಾವ. ಹರಿದ ಬಲೆನ ಸಮುದ್ರಕ್ಕೇ ಬಿಸಾಕೋರು ನಮ್ಮೂರಲ್ಲೂ ಇದ್ದಾರೆ. ಆಮೆ ಅದರಲ್ಲಿ ಸಿಕ್ಕೊಂಡು ಉಸಿರುಕಟ್ಟಿ ಸಾಯುತ್ತೆ. ಅಪ್ಪ ಅವರ ಹತ್ರಾನೂ ಜಗಳ ಆಡ್ತಾರೆ."

ಟ್ಯಾಂಕರಿನವನು ಮತ್ತೆ ಹಾರ್ನ್ ಬಾರಿಸಿದ. ಬೈರಪ್ಪನವರಿಗೆ ರೇಗಿತು. "ನೋಡೇ ವಸಂತಾ, ನಾಳೆ ಬೀಗ್ರು ಬರ್ತಾರೆ. ಹೆಣ್ಣು ಕೊಟ್ಟೋರ ಮುಂದೆ ಶೆಡ್ಡು ಕೊಳಕಾಗಿ ತೋರ್ಸೋಕಾಗಲ್ಲ. ಮೂಲೇಲಿ ಅಬ್ಬಬ್ಬಾ ಅಂದ್ರೆ ಒಂದ್ ಹಿಡಿ ಕಾಳು ಇರ್ಬೋದು. ಮರೆಪ್ಪಾ, ಬಿಡೋ ನೀರು."

"ಒಂದೇ ಹಿಡಿ ತಾನೇ? ಹಂಗಾದ್ರೆ ಮೋರಿ ಬಾಯಿಗೆ ಬಟ್ಟೆ ಕಟ್ತೀನಿ. ಎಷ್ಟು ಬರುತ್ತೋ ನೋಡೋಣ" ಎಂದರು ವಸಂತಮ್ಮ. ಮಿಷಿನ್ ಒರೆಸಲೆಂದು ತಂದಿದ್ದ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಶೆಡ್ಡಿನ ನೀರು ಹೊರಹೋಗುವ ಕಿಂಡಿಗೆ ತುರುಕಿ, ಅಂಚಿಗೆ ಇಟ್ಟಿಗೆ ಇಟ್ಟರು.

ನೀರು ಬಿಟ್ಟದ್ದಾಯಿತು. ಮೊದಲಿಗೆ ಏನೂ ಕಾಣಲಿಲ್ಲ. ಮರೆಪ್ಪ ಪೈಪನ್ನು ಮಿಷಿನ್ನಿನ ಅಡಿಗೆ ತಿರುಗಿಸಿದ. ಸೀರೆ ದಪ್ಪನಾಯಿತೋ ಏನೋ, ನೀರು ಹೊರಗೆ ಹೋಗದೆ ಹಿಂದಕ್ಕೆ ನಿಂತಿತು. ಪಾದ ಮುಳುಗುವಷ್ಟು ಏರಿತು. ಆಗ ಒಂದೊಂದೇ ಮೂಲೆಯಿಂದ ಕಾಳು ಎದ್ದು ಬಂತು. ಮಿಷಿನ್ನಿನ ಅಡಿಯಿಂದ, ಚೀಲದ ಅಟ್ಟಿಯ ಹಿಂದಿನಿಂದ, ಕಲ್ಲಿನ ಸಂದಿಯಿಂದ ಬರುತ್ತಲೇ ಇತ್ತು. ನೋಡುನೋಡುತ್ತಿದ್ದಂತೆ ನೀರು ಕಾಣದ ಹಾಗೆ ಶೆಡ್ಡಿನ ತುಂಬ ಬೆಳ್ಳಗೆ ಹರಡಿ, ಎಲ್ಲವೂ ಒಟ್ಟಿಗೆ ಕಿಂಡಿಯ ಕಡೆಗೆ ಹೊರಟಿತು. ಬೈರಪ್ಪನವರ ಕಣಕಾಲಿನ ಸುತ್ತ ಕಾಳಿನ ಕಡಗ ಕಟ್ಟಿಕೊಂಡಿತು.

ಅವರು ಕಾಲು ಎತ್ತಿದರು. ಕಾಳು ಸರಿದು ಮತ್ತೆ ಕೂಡಿಕೊಂಡಿತು.

"ಒಂದೂ ಮುಳುಗ್ತಾ ಇಲ್ವಲ್ಲೋ ಮರೆಪ್ಪಾ" ಎಂದರು.

"ಇಲ್ರಿ ಯಜಮಾನ್ರ. ವರ್ಷಾ ವರ್ಷಾ ಇಷ್ಟೂ ಮೋರಿಗೇ ಹೋಗ್ತಿತ್ತೇನ್ರಿ?"

ಹೇಳಬೇಕಾದ್ದು ಈಗಲೇ ಹೇಳಬೇಕೆಂದು ವಸಂತಮ್ಮನಿಗೆ ಅನಿಸಿತು. "ರೀ, ಈ ಶೆಡ್ ಕಟ್ಟೋಕೆ ಮುಂಚೆ ಇಲ್ಲೇ ಅಲ್ವಾ ನಮ್ಮ ರಾಗಿ ಕಣ ಇದ್ದಿದ್ದು? ಒಕ್ಕಣೆ ಆದ್ಮೇಲೆ ನಿಮ್ಮವ್ವ ಕಣದ ಅಂಚಲ್ಲಿ ಕೂತ್ಕೊಂಡು ಮಣ್ಣಲ್ಲಿ ಬಿದ್ದಿದ್ದ ರಾಗಿನೂ ಗುಡಿಸಿ, ಮೊರದಲ್ಲಿ ಕೇರಿ ಎತ್ತೋರು. ಕಣಕ್ಕೆ ಯಾರಾದ್ರೂ ನೀರು ಬಿಡ್ತಾರಾ? ರಾಗಿ ಮಣ್ಣಿಗೆ ಬಿದ್ರೆ ಮೊಳಕೆನಾದ್ರೂ ಬರುತ್ತೆ. ಇದು ಎಲ್ಲಿ ಬಿದ್ರೂ ಹಂಗೇ ಇರುತ್ತೆ, ಇಲ್ಲಾಂದ್ರೆ ಪುಡಿಪುಡಿ ಆಗಿ ಇನ್ನಷ್ಟು ಮೀನಿನ ಹೊಟ್ಟೆ ಸೇರುತ್ತೆ."

ಬೈರಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ಟ್ಯಾಂಕರಿನ ವಾಲ್ವನ್ನು ತಾವೇ ಮುಚ್ಚಿದರು. "ಉಳಿದ ನೀರು ಮನೆ ಸಂಪ್‌ಗೆ ಬಿಟ್ಟು ಹೋಗಪ್ಪ" ಎಂದು ಟ್ಯಾಂಕರಿನವನಿಗೆ ಹೇಳಿದರು. ಹಿಂದಿರುಗಿ ಬಂದವರು, "ಮನೇಲಿ ಮೊರ ಐತಾ? ತಗೊಂಬಾ" ಎಂದರು.

ಆಮೇಲಿನ ಕೆಲಸ ಸುಲಭದ್ದಾಗಿರಲಿಲ್ಲ. ಒಣ ಕಾಳನ್ನು ಗುಡಿಸಬಹುದಿತ್ತು, ಈಗ ಒದ್ದೆ ಕಾಳು ಅಂಗಾಲಿಗೆ, ಪೊರಕೆಗೆ, ಗೋಡೆಗೆ ಅಂಟುತ್ತಿತ್ತು. "ಯಜಮಾನ್ರು ಮೊದ್ಲೇ ಸಣ್ಣಕ್ಕಾರ ಮಾತ್ ಕೇಳಿದ್ರ ನನ್ ನಡಾ ಉಳೀತಿತ್ತು" ಎಂದು ಮಲಕವ್ವ ಎಲ್ಲರಿಗೂ ಕೇಳುವಂತೆ ಗೊಣಗಿದಳು. ಸೊಳ್ಳೆಪರದೆಯ ತುಂಡು ತಂದು ಕಿಂಡಿಗೆ ಕಟ್ಟಿ ನೀರನ್ನು ಸೋಸಿ ಹೊರಗೆ ಬಿಟ್ಟರು. ಪರದೆಯಲ್ಲಿ ನೀರು ಸಲೀಸಾಗಿ ಹೋಯಿತು, ಕಾಳು ಒಳಗೇ ಉಳಿಯಿತು. ಮಳೆ ಬರುವ ಮುಂಚೆ ಹಿಂಬದಿಯ ಮೋರಿಯ ಚಪ್ಪಡಿ ಎತ್ತಿಸಿ ಅಲ್ಲಿ ಕೂತಿದ್ದ ಕಾಳನ್ನೂ ಬಾಚಿದರು. ಚೊಕ್ಕಟವಾಗಿದ್ದ ಕಾಳನ್ನು ಒಣಗಿಸಿ ಮತ್ತೆ ಮಿಷಿನ್ನಿಗೆ ಹಾಕಬಹುದೆಂದು ಬೇರೆ ಇಟ್ಟರು. ಮಣ್ಣು, ಗ್ರೀಸು ಮೆತ್ತಿದ್ದನ್ನು ಮರುಬಳಕೆಯವರಿಗೆ ಕೊಡಲು ಒಂದು ಚೀಲಕ್ಕೆ ತುಂಬಿದರು. ಕೊನೆಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರು. ತೊಳೆದದ್ದಕ್ಕಿಂತ ಚೆನ್ನಾಗಿಯೇ ಹೊಳೆಯಿತು.

ಮಾರನೆಯ ಬೆಳಿಗ್ಗೆ ನಂದೀಶ ಬಸ್‌ಸ್ಟ್ಯಾಂಡಿನಿಂದ ಮಾವನನ್ನು ಕರೆತಂದ. ಕಲಿಯಪೆರುಮಾಳ್ ಕಪ್ಪಗೆ, ಎತ್ತರಕ್ಕೆ ಇದ್ದರು. ಕೈ ಜೋಡಿಸಿದರು, ತೋರಿಸಿದ ಕುರ್ಚಿಯಲ್ಲಿ ಕೂತರು, ಕಾಫಿ ಕುಡಿದರು. ಮಗಳು ಕಾಲಿಗೆ ನಮಸ್ಕರಿಸಿದಾಗ ತಲೆ ಮುಟ್ಟಿದರೇ ಹೊರತು ಮಾತಾಡಲಿಲ್ಲ. ಹೊಸೂರು ಸಂತೆಯಲ್ಲಿ ಕಲಿತ ತಮಿಳಿನಲ್ಲಿ ಬೈರಪ್ಪನವರು ಬಸ್ಸಿನ ಬಗ್ಗೆ, ಮಳೆಯ ಬಗ್ಗೆ ವಿಚಾರಿಸಿದರು. ಒಂದೊಂದೇ ಮಾತಿನ ಉತ್ತರ ಬಂತು. ವಸಂತಮ್ಮ ಬಾಗಿಲಲ್ಲೇ ನಿಂತು ಸೆರಗಿನ ತುದಿ ಸುತ್ತಿದರು, ಬಿಚ್ಚಿದರು.

ಪೂಜೆಯ ಹೊತ್ತಿಗೆ ಎಲ್ಲರೂ ಶೆಡ್ಡಿಗೆ ಹೋದರು. ಗ್ರೀಸು ಮೆತ್ತಿದ ಕಾಳಿನ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಒಳಗೆ ಮರೆಯಲ್ಲಿ ಇಡಿ ಎಂದು ವಸಂತಮ್ಮ ಹಿಂದಿನ ಸಂಜೆಯೇ ಹೇಳಿದ್ದರು. ಬೈರಪ್ಪನವರು, "ಇರ್ಲಿ ಬಿಡು, ಮುಚ್ಚಿಡೋದೇನೈತೆ" ಎಂದು ಅಲ್ಲೇ ಬಿಡಿಸಿದ್ದರು.

ಕಲಿಯಪೆರುಮಾಳ್ ಅದನ್ನು ಕಂಡರು. ನಿಂತರು. ಬಗ್ಗಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿ ಬೆರಳ ನಡುವೆ ಉಜ್ಜಿದರು. ಅದನ್ನು ಗುರುತಿಸಲು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ವೇಣಿ ಮುಂದೆ ಬಂದಳು. ತಮಿಳಿನಲ್ಲಿ ಅಪ್ಪನಿಗೆ ಹೇಳಿದಳು: ಈ ಕಾಳು ಇಲ್ಲಿಯದು, ಇಷ್ಟು ವರ್ಷ ಮೋರಿಗೆ ಹೋಗುತ್ತಿತ್ತು, ನಿನ್ನೆ ಹೋಗಲಿಲ್ಲ, ಇವರೆಲ್ಲ ಸಂಜೆಯವರೆಗೂ ನಿಂತು ಬಾಚಿದರು. ವರ್ಷದ ಮೇಲೆ ಅವಳು ಅಪ್ಪನೊಡನೆ ಆಡಿದ ಮೊದಲ ಉದ್ದನೆಯ ಮಾತು ಅದು.

ಕಲಿಯಪೆರುಮಾಳ್ ಕೈಯಲ್ಲಿದ್ದ ಕಾಳನ್ನು ಒಂದೂ ಬೀಳದಂತೆ ಮತ್ತೆ ಚೀಲಕ್ಕೆ ಸುರಿದರು. ಆಮೇಲೆ ಹೇಳಿದ್ದನ್ನು ವೇಣಿ ಕನ್ನಡದಲ್ಲಿ ಹೇಳಿದಳು. "ಬಲೆ ಎಳೆದಾಗೆಲ್ಲ ಇದು ಬರುತ್ತೆ, ಇದು ಯಾರದು ಅಂತ ಯಾರನ್ನ ಕೇಳೋದು ಅನ್ನೋದೇ ಇಷ್ಟು ದಿನ ಗೊತ್ತಿರ್ಲಿಲ್ಲ ಅಂತಿದ್ದಾರೆ."

"ಇನ್ಮೇಲೆ ನನ್ನ ಕೇಳಿ ಬೀಗ್ರೇ" ಎಂದರು ಬೈರಪ್ಪನವರು. ಈ ಮಾತನ್ನು ಯಾರೂ ತಮಿಳಿಗೆ ತಿರುಗಿಸಬೇಕಾಗಲಿಲ್ಲ.

ಹೊರಗಿನಿಂದ ನೀರು ಹೊಡೆಯುವ ಸದ್ದು ಬರುತ್ತಿತ್ತು. ಪಕ್ಕದ ಈರಪ್ಪನವರ ಶೆಡ್ಡು. ಅವರದೂ ಮೋಲ್ಡಿಂಗ್ ಕೆಲಸವೇ, ಹಬ್ಬದ ಬೆಳಿಗ್ಗೆಯೇ ತೊಳೆಯುವುದು ಅವರ ರೂಢಿ. ರಸ್ತೆಯ ಮೋರಿಯಲ್ಲಿ ಹಾಲು ಹರಿದಂತೆ ಕಾಳು ಹೋಗುತ್ತಿತ್ತು. ಬೈರಪ್ಪನವರು ಚಪ್ಪಲಿಯನ್ನೂ ಮೆಟ್ಟದೆ ಹೊರಟರು. "ಈರಪ್ಪಾ, ನೀರು ನಿಲ್ಸಪ್ಪಾ. ನಿಲ್ಸು, ಹೇಳ್ತೀನಿ. ನಿನ್ನೆ ನಾನೂ ನಿನ್ನಂಗೇ ವಾದ ಮಾಡಿದೀನಿ, ಮೊದ್ಲು ಆ ಪೈಪ್ ಮುಚ್ಚು."

ಕಲಿಯಪೆರುಮಾಳ್ ಕೂಡ ವೇಷ್ಟಿ ಎತ್ತಿ ಕಟ್ಟಿಕೊಂಡು ಅವರ ಹಿಂದೆಯೇ ಹೊರಟರು. ಎರಡು ಹೆಜ್ಜೆ ಹೋದವರು ತಿರುಗಿ ಮಗಳಿಗೆ ಏನೋ ಅಂದರು. ವೇಣಿಯ ಕಣ್ಣು ತುಂಬಿದ್ದನ್ನು ನೋಡಿ ವಸಂತಮ್ಮ ಹೆದರಿ, "ಏನಂದ್ರಮ್ಮಾ?" ಎಂದು ಕೇಳಿದರು.

"ಆಮೆಗಳು ಬರೋ ಕಾಲಕ್ಕೆ ಅತ್ತೆ ಮಾವನ್ನ ಕರ್ಕೊಂಡು ಮನೆಗೆ ಬಾ ಅಂದ್ರು ಅತ್ತೆ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಶೆಡ್ಡು ಪೀಣ್ಯದಲ್ಲಿರಲಿ, ಬೊಮ್ಮಸಂದ್ರದಲ್ಲಿರಲಿ, ವೈಟ್‌ಫೀಲ್ಡಿನಲ್ಲಿರಲಿ, ನಿಮ್ಮ ಮೋರಿಗೂ ಒಂದು ಹೊಳೆಯ ನಂಟಿದೆ, ಆ ಹೊಳೆಗೆ ಸಮುದ್ರದ ನಂಟಿದೆ. ಹಬ್ಬಕ್ಕೆ ಶೆಡ್ಡು ತೊಳೆಯುವ ಮುನ್ನ ಒಣಗಿರುವಾಗಲೇ ಗುಡಿಸಿ ಎತ್ತಿ. ಕಾಳು ಸುರಿಯುವ ಕಡೆ ಅಡಿಗೆ ಒಂದು ಅಗಲದ ತಟ್ಟೆ ಇಡಿ. ನೀರು ಹೋಗುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ವಾರಕ್ಕೊಮ್ಮೆ ಅದನ್ನು ತೆಗೆದು ನೋಡಿ. ಶೆಡ್ಡು ಇಲ್ಲದವರು ತಮಗಲ್ಲ ಎಂದುಕೊಳ್ಳಬೇಡಿ. ಹಾಲಿನ ಕವರು, ಶಾಂಪೂ ಪೊಟ್ಟಣ, ತರಕಾರಿ ತಂದ ಕ್ಯಾರಿಬ್ಯಾಗು ಇವೆಲ್ಲ ಹೋಗುವುದೂ ಇದೇ ದಾರಿಯಲ್ಲಿ. ಅವನ್ನು ಒಣಕಸದ ಚೀಲಕ್ಕೆ ಹಾಕಿ, ಕಸದ ಗಾಡಿಗೆ ಬೇರೆಯಾಗಿಯೇ ಕೊಡಿ. ಅಂಗಡಿಗೆ ಹೋಗುವಾಗ ಬಟ್ಟೆಚೀಲ ಹಿಡಿದು ಹೋಗಿ.

ಮೋರಿಯ ಆ ತುದಿಯಲ್ಲಿ ಯಾರೋ ಒಬ್ಬರು ಈ ಹೊತ್ತೂ ಬಲೆ ಎಳೆಯುತ್ತಿದ್ದಾರೆ. ನಿಮ್ಮ ಬಾಗಿಲಿಗೆ ಬಂದು ಕೇಳಲು ಅವರಿಗೆ ನಿಮ್ಮ ವಿಳಾಸ ಗೊತ್ತಿಲ್ಲ. ಅವರು ಕೇಳುವವರೆಗೆ ಕಾಯಬೇಡಿ. ಇವತ್ತೇ ಪೊರಕೆ ಎತ್ತಿಕೊಳ್ಳಿ.